ಧಾರೆಯ ಹಾಲಿಗೆ ಬಿಟ್ಟ ಬಣ್ಣ

ಕಳೆದ ತಿಂಗಳು ದೊಡ್ಡಬಳ್ಳಾಪುರದ ಒಂದು ಸಮುದಾಯ ಭವನದಲ್ಲಿ, ಹೊಸದಾಗಿ ಸಣ್ಣ ಉದ್ಯಮ ಶುರು ಮಾಡುವ ಹುಡುಗ ಹುಡುಗಿಯರಿಗೆ ತರಬೇತಿ ಇಟ್ಟಿದ್ದರು. ನನ್ನನ್ನು ಹಿರಿಯ ಉದ್ಯಮಿ ಎಂದು ಕರೆದು, ಶಾಲು ಹೊದಿಸಿ, ನಾಲ್ಕು ಅನುಭವದ ಮಾತು ಹೇಳಿ ಎಂದರು. ಹೇಳಿದೆ. ಕೈಯಲ್ಲಿರುವುದನ್ನೆಲ್ಲ ಒಂದೇ ಸಲ ಸುರಿಯಬೇಡಿ. ಗೊತ್ತಿಲ್ಲದ ಕೆಲಸಕ್ಕೆ ಇಳಿಯುವ ಮುಂಚೆ ಬೇರೆಯವರ ಕೈಕೆಳಗೆ ಒಂದಷ್ಟು ಕಾಲ ದುಡಿಯಿರಿ. ಸಂಬಂಧಿಕರನ್ನು ಪಾಲುದಾರರನ್ನಾಗಿ ಮಾಡಿಕೊಳ್ಳುವ ಮುಂಚೆ ಯೋಚಿಸಿ. ಎಲ್ಲರೂ ಬರೆದುಕೊಂಡರು. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು, "ಸರ್, ಶುರುವಿನಲ್ಲಿ ನೀವು ಮಾಡಿದ ದೊಡ್ಡ ತಪ್ಪು ಯಾವುದು?" ಎಂದು ಕೇಳಿದಳು. "ಗೆಳೆಯರಿಗೆ ಉದ್ದರಿ ಕೊಟ್ಟಿದ್ದು" ಎಂದೆ. ಸಭೆ ನಕ್ಕಿತು. ಹುಡುಗಿಯೂ ನಕ್ಕು ಕುಳಿತಳು.

ಹೊರಗೆ ಬಂದರೆ ಭವನದ ಹಿಂದೆ ಇನ್ನೊಂದು ತಂಡಕ್ಕೆ ನೂಲಿಗೆ ಬಣ್ಣ ಹಾಕುವ ಪಾಠ ನಡೆಯುತ್ತಿತ್ತು. ಒಲೆಯ ಮೇಲೆ ಕುದಿಯುವ ಕೆಂಪು ನೀರು, ಅದಕ್ಕೆ ಬಿದ್ದ ಆಸಿಡ್ಡಿನ ಹುಳಿ ವಾಸನೆ, ಜೊತೆಗೆ ಒದ್ದೆ ರೇಷ್ಮೆಯ ವಾಸನೆ. ಆ ವಾಸನೆ ನನ್ನ ಮೈಯಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಇದ್ದದ್ದು. ಆದರೆ ಅಂದು ಅದು ಮೂಗಿಗೆ ಬಡಿದ ಕೂಡಲೇ ನೆನಪಾದದ್ದು ಒಂದೇ ಒಂದು ವರ್ಷ. ಆ ಹುಡುಗಿಗೆ ನಾನು ಸುಳ್ಳು ಹೇಳಿ ಬಂದಿದ್ದೆ. ನಿಜವನ್ನು ಇಲ್ಲಿ ಬರೆಯುತ್ತಿದ್ದೇನೆ. ಬರೆದರೆ ನೋಯಬೇಕಾಗಿದ್ದ ಹಿರಿಯರು ಇಬ್ಬರೂ ಈಗಿಲ್ಲ. ಹೆಸರುಗಳನ್ನು ಬದಲಾಯಿಸಿದ್ದೇನೆ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಎಸ್ಸೆಸ್ಸೆಲ್ಸಿ ಮುಗಿಸಿದಾಗಿನಿಂದ ಇನ್ನೊಬ್ಬರ ಬಣ್ಣದ ಮನೆಯಲ್ಲಿ ಕೆಲಸಕ್ಕಿದ್ದವನು. ಪವರ್‌ಲೂಮ್ ಮಗ್ಗಗಳಿಗೆ ಬೇಕಾದ ರೇಷ್ಮೆ ನೂಲಿಗೆ ಬಣ್ಣ ಕುದಿಸಿ ಕೊಡುವ ಕೆಲಸ ಅದು. ಆ ವರ್ಷ ಯುಗಾದಿಗೆ, ನಮ್ಮ ಬೀದಿಯ ಕೊನೆಯಲ್ಲಿ ಶೀಟು ಹೊದಿಸಿದ ಒಂದು ಜಾಗ ಬಾಡಿಗೆಗೆ ಹಿಡಿದು, ಎರಡು ತಾಮ್ರದ ಹಂಡೆ ಹೂಡಿ ಸ್ವಂತ ಬಣ್ಣದ ಮನೆ ಇಟ್ಟೆ. ಧೈರ್ಯ ಹೇಳಿದವರು ಪಕ್ಕದ ಮನೆಯ ಹನುಮಂತಣ್ಣ. ಸ್ವಂತದ ಎರಡು ಮಗ್ಗ ಇಟ್ಟುಕೊಂಡು ತಾವೇ ನೇಯುತ್ತಿದ್ದ ಮನುಷ್ಯ. "ಎಷ್ಟು ದಿನ ಇನ್ನೊಬ್ರ ಹಂಡೆ ಕದಡ್ತೀಯೋ ನಾಗ? ನಿನ್ನ ಕೈಯಾಗೆ ಬಣ್ಣ ಐತೆ. ನನ್ನ ನೂಲು ನಿನಗೇ ಕೊಡ್ತೀನಿ, ಶುರು ಮಾಡು" ಎಂದರು. ಹೇಳಿದಂತೆ ಕೊಟ್ಟರು. ಬೀದಿಯ ಬೇರೆ ನಾಲ್ಕು ಮನೆಯವರಿಂದಲೂ ಕೊಡಿಸಿದರು.

ನಾನು ಎಲ್ಲವನ್ನೂ ಲೆಕ್ಕ ಹಾಕಿದ್ದೆ, ನೀರೊಂದನ್ನು ಬಿಟ್ಟು. ಬಣ್ಣ ಕುದಿಸಲು ನೀರು ಬೇಕೆಂದು ಎಲ್ಲರಿಗೂ ಗೊತ್ತು. ಕುದಿಸಿದ ಮೇಲೆ ಜಾಲಿಸಲು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ನೀರು ಬೇಕು. ಕಡುಗೆಂಪಿಗಂತೂ ತೊಟ್ಟಿಯ ನೀರು ತಿಳಿಯಾಗುವ ತನಕ ಮತ್ತೆ ಮತ್ತೆ ಜಾಲಿಸಬೇಕು. ಹಳೆಯ ಮಾಲೀಕರಲ್ಲಿ ದೊಡ್ಡ ಬಾವಿಯಿತ್ತು, ಹಾಗಾಗಿ ನೀರು ಎಂಬುದು ಖರ್ಚಿನ ಬಾಬತ್ತು ಎಂದೇ ನನ್ನ ತಲೆಗೆ ಹೋಗಿರಲಿಲ್ಲ. ನನ್ನ ಬಾಡಿಗೆ ಜಾಗದ ಬಾವಿ ಚೈತ್ರದಲ್ಲೇ ತಳ ಕಂಡಿತು. ರಹೀಮ್ ಎಂಬಾತ ಟ್ರಾಕ್ಟರಿಗೆ ಟ್ಯಾಂಕು ಕಟ್ಟಿ ನೀರು ತಂದು ಸುರಿಯುತ್ತಿದ್ದ. ಸುರಿಯುವಾಗಲೆಲ್ಲ ಛೇಡಿಸುತ್ತಿದ್ದ.

"ಏನ್ ನಾಗಣ್ಣ, ನಿನ್ನ ನೂಲಿಗೆ ದಿನಾ ಅಭ್ಯಂಜನಾನಾ? ನಮ್ಮನೇಲಿ ಮಕ್ಕಳಿಗೇ ಶುಕ್ರವಾರಕ್ಕೊಂದು ಸ್ನಾನ!"

"ನೀನು ಅರ್ಧ ಟ್ಯಾಂಕು ದಾರಿಲೇ ಚೆಲ್ಕೊಂಡು ಬರ್ತೀಯ. ರಸ್ತೆಗೇ ಸ್ನಾನ ಮಾಡಿಸ್ತಾ ಇದ್ದೀಯ ನೀನು" ಎನ್ನುತ್ತಿದ್ದೆ.

ನಗುತ್ತಿದ್ದೆವು. ಆದರೆ ಅವನು ಹೋದ ಮೇಲೆ ತೊಟ್ಟಿಯ ಮುಂದೆ ನಿಂತು, ಇನ್ನೊಂದು ಸಲ ಜಾಲಿಸಬೇಕೋ ಸಾಕೋ ಎಂದು ಯೋಚಿಸುವವನು ನಾನೊಬ್ಬನೇ.

ವೈಶಾಖದಲ್ಲಿ ಹನುಮಂತಣ್ಣನ ಮಗಳು ಗಿರಿಜಾಳ ಮದುವೆ ನಿಶ್ಚಯವಾಗಿತ್ತು. ಗಂಡು ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯವನು. ಅವರೂ ನಮ್ಮ ಪೈಕಿಯೇ, ಆದರೆ ಮಗ್ಗ ಬಿಟ್ಟು ಅಜ್ಜನ ಕಾಲಕ್ಕೇ ಬೇಸಾಯಕ್ಕೆ ಇಳಿದವರು. ಹೊಸ ಹಂಡೆಯಲ್ಲಿ ಅದ್ದಿದ ಮೊದಲ ಕೆಂಪು ನೂಲಿನ ಸೀರೆಯನ್ನು ಮಾರಬಾರದು, ಮನೆಮಗಳಿಗೆ ಉಡಿಸಬೇಕು ಎಂಬ ಮಾತು ನಮ್ಮ ಬೀದಿಯಲ್ಲಿತ್ತು. ನನಗೆ ಹೆಣ್ಣುಮಕ್ಕಳಿಲ್ಲ. "ಧಾರೆ ಸೀರೆಗೆ ಬಣ್ಣ ನಂದು ಅಣ್ಣ, ನಮ್ಮ ಹುಡುಗಿಗೆ ನನ್ನ ಉಡುಗೊರೆ" ಎಂದೆ. ಹನುಮಂತಣ್ಣನ ಕಣ್ಣು ತುಂಬಿ ಬಂತು. ಪ್ರೀತಿ ಇರಲಿಲ್ಲವೆಂದಲ್ಲ. ಆದರೆ ಮದುವೆಗೆ ಬೀದಿಯ ನೇಕಾರರೆಲ್ಲ ಬರುತ್ತಾರೆ, ಚಿಕ್ಕಪೇಟೆಯ ಸೀರೆ ವ್ಯಾಪಾರಿಯೂ ಬರುತ್ತಾರೆ, ಧಾರೆ ಮಂಟಪದಲ್ಲಿ ನನ್ನ ಕೆಂಪು ಎಲ್ಲರ ಕಣ್ಣಿಗೆ ಬೀಳುತ್ತದೆ ಎಂಬ ಲೆಕ್ಕ ಪ್ರೀತಿಯ ಹಿಂದೆಯೇ ನಿಂತಿತ್ತು.

ಆ ಕೆಂಪು ಕುದಿಸಿದ ದಿನ ರಹೀಮನ ಟ್ರಾಕ್ಟರು ಕೆಟ್ಟು ನಿಂತಿತ್ತು. ಇದ್ದ ನೀರಿನಲ್ಲೇ ಜಾಲಿಸಿದೆ. ಒದ್ದೆಮಾಡಿದ ಬಿಳಿ ಬಟ್ಟೆಯಿಂದ ನೂಲನ್ನು ಉಜ್ಜಿ ನೋಡುವುದು ನಮ್ಮ ಪರೀಕ್ಷೆ. ಉಜ್ಜಿದೆ. ಬಟ್ಟೆಯ ಮೇಲೆ ತೆಳ್ಳಗೆ ಕೆಂಪು ಹತ್ತಿತು. ಕಡುಗೆಂಪು ಅಂದಮೇಲೆ ಇಷ್ಟು ಇದ್ದೇ ಇರುತ್ತದೆ ಎಂದು ನನಗೆ ನಾನೇ ಹೇಳಿಕೊಂಡು ಬಟ್ಟೆಯನ್ನು ಒಲೆಗೆ ಹಾಕಿದೆ. ಹೊಸಬರು ಇಲ್ಲಿ ನಿಂತು ಗಮನಿಸಬೇಕು. ನನಗೆ ಗೊತ್ತಿಲ್ಲದೆ ಆದ ತಪ್ಪಲ್ಲ ಅದು. ಗೊತ್ತಿಲ್ಲದವನು ಆ ಬಟ್ಟೆಯನ್ನು ಸುಡುವುದಿಲ್ಲ.

ಮಗಳ ಧಾರೆ ಸೀರೆಯನ್ನು ಹನುಮಂತಣ್ಣ ಬೇರೆ ಯಾರಿಗೂ ಕೊಡದೆ ತಾವೇ ನೇಯ್ದರು. ಒಂದು ಮಧ್ಯಾಹ್ನ ಮಗ್ಗ ನಿಲ್ಲಿಸಿ, ಬೆವೆತ ಕೈ ಚಾಚಿ ತೋರಿಸಿದರು. "ಬೆರಳು ಕೆಂಪಾಗ್ತಾ ಐತಲ್ಲೋ ನಾಗ?"

"ಹೊಸ ಬಣ್ಣ ಅಲ್ವಾ ಅಣ್ಣ, ಹಂಗೇ. ಸೀರೆ ಆದ್ಮೇಲೆ ನಿಂತ್ಕೊಳ್ಳುತ್ತೆ."

"ನೀನು ಹೇಳಿದ್ಮೇಲೆ ಮುಗೀತು ಬಿಡು" ಎಂದು ಮತ್ತೆ ಸ್ವಿಚ್ಚು ಒತ್ತಿದರು. ಮಗ್ಗದ ಸದ್ದಿನಲ್ಲಿ ಮುಂದೆ ಮಾತು ಕೇಳಿಸಲಿಲ್ಲ.

ಮದುವೆ ನಮ್ಮೂರಿನ ಛತ್ರದಲ್ಲೇ ಆಯಿತು. ಸುಡುಬಿಸಿಲು. ತಾಳಿ ಕಟ್ಟಿ ಆದ ಮೇಲೆ ನಮ್ಮಲ್ಲಿ ಬಂದವರೆಲ್ಲ ಸಾಲಾಗಿ ಹೋಗಿ, ಗಂಡು ಹೆಣ್ಣಿನ ಜೋಡಿಸಿದ ಕೈಗಳ ಮೇಲೆ ಹಾಲು ನೀರು ಬೆರೆಸಿ ಧಾರೆ ಎರೆಯುತ್ತಾರೆ. ನೆಂಟರು, ಬೀದಿಯವರು, ಎರಡೂರಿನ ಜನ, ಎಲ್ಲರೂ ಎರೆದರು. ಕೆಳಗಿಟ್ಟ ತಟ್ಟೆ ತುಂಬಿ ಹಾಲು ಗಿರಿಜಾಳ ಮಡಿಲಿಗೆ ಹರಿಯಿತು. ನೆರಿಗೆಯೆಲ್ಲ ತೊಯ್ದು ಹೋಯಿತು. ನಾನು ಚಿಕ್ಕಪೇಟೆಯ ವ್ಯಾಪಾರಿಯ ಪಕ್ಕದಲ್ಲೇ ನಿಂತಿದ್ದೆ. "ಕಲರ್ ಚೆನ್ನಾಗಿ ಬಂದಿದೆ ಕಣ್ರೀ. ಗೌರಿ ಹಬ್ಬಕ್ಕೆ ಈ ಕೆಂಪೇ ಬೇಕು, ಮಾತಾಡೋಣ" ಎಂದರು. ನನ್ನ ಎದೆ ಉಬ್ಬಿತು.

ಸಪ್ತಪದಿಗೆಂದು ಗಂಡು ಹೆಣ್ಣನ್ನು ಎಬ್ಬಿಸಿದರು. ಗಿರಿಜಾ ಕುಳಿತಿದ್ದ ಹಸೆಮಣೆಯ ಬಿಳಿ ಬಟ್ಟೆಯ ಮೇಲೆ ಅಂಗೈಯಗಲ ಕೆಂಪು ಕಲೆ. ಗಂಡಿನ ಬಿಳಿ ಪಂಚೆಯ ಅಂಚಿಗೂ ಹತ್ತಿತ್ತು.

ಗಂಡಿನ ತಾಯಿ ಚೌಡಮ್ಮ ಮೊದಲು ನೋಡಿದವರು. ಗಟ್ಟಿ ದನಿಯ ಹೆಂಗಸು. ಆದರೂ ಆಗ ಮೆತ್ತಗೇ ಕೇಳಿದರು. "ಇದೇನು ಸೀರೆ ಬಣ್ಣ ಬಿಟ್ಟೈತಾ? ಯಾರು ಬಣ್ಣ ಹಾಕಿದ್ದು?"

ನಮ್ಮ ಬೀದಿಯವರೆಲ್ಲ ನನ್ನ ಕಡೆ ತಿರುಗಿದರು. ಒಬ್ಬ, "ಏನ್ ಗುರು, ಮೊದಲನೇ ಬೋಣಿಗೇ ಹಿಂಗಾ?" ಎಂದು ಕಿಸಕ್ಕನೆ ನಕ್ಕ. ವ್ಯಾಪಾರಿ ನನ್ನ ಮುಖ ನೋಡಿದರು. ಹೌದು ಎನ್ನಲು ಒಂದು ಉಸಿರು ಸಾಕಿತ್ತು.

"ನನ್ನ ಬಣ್ಣ ಬಿಡಲ್ಲ ಅಮ್ಮ" ಎಂದೆ. "ನೀರು ತಿಳಿಯಾಗೋವರ್ಗೂ ಜಾಲಿಸಿದ್ದೀನಿ. ಹಾಲಿಗಲ್ಲ, ಕುದಿಯೋ ನೀರಿಗೆ ಹಾಕಿ, ಬಿಡಲ್ಲ."

ನಕ್ಕವನು ಸುಮ್ಮನಾದ. ವ್ಯಾಪಾರಿ ತಲೆಯಾಡಿಸಿದರು. ಗೆದ್ದೆ ಎಂದುಕೊಂಡೆ. ಆಮೇಲೆ ನೋಡಿದರೆ ಮಂಟಪದ ಹೆಂಗಸರೆಲ್ಲ ಮಾತು ನಿಲ್ಲಿಸಿದ್ದಾರೆ. ಎಲ್ಲರ ಕಣ್ಣೂ ಗಿರಿಜಾಳ ಮೇಲಿದೆ. ಬಣ್ಣವಲ್ಲ ಎಂದಾದರೆ ಆ ಕೆಂಪು ಇನ್ನೇನು? ಹುಡುಗಿ ಹೊರಗಾಗಿದ್ದಾಳೆ, ಅದನ್ನು ಮುಚ್ಚಿಟ್ಟು ದೇವರ ಮುಂದೆ ಹಸೆಮಣೆ ಏರಿದ್ದಾಳೆ. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ. ಗಿರಿಜಾ, "ಇಲ್ಲ ಅಮ್ಮ, ದೇವ್ರಾಣೆ ಇಲ್ಲ" ಎಂದು ತನ್ನ ತಾಯಿಗೆ ಹೇಳುತ್ತಿದ್ದದ್ದು ಓಲಗ ನಿಂತಿದ್ದರಿಂದ ಎಲ್ಲರಿಗೂ ಕೇಳಿಸಿತು. ಹನುಮಂತಣ್ಣ ಮುಂದೆ ಬಂದು, ನೇಯುವಾಗ ತಮ್ಮ ಬೆರಳೂ ಕೆಂಪಾಗಿತ್ತು ಎಂದರು. "ಹೆಣ್ಣು ಹೆತ್ತೋರು ಹಂಗನ್ನದೆ ಇನ್ನೆಂಗಂತಾರೆ? ಬಣ್ಣ ಹಾಕಿದೋನೇ ಅಲ್ಲ ಅಂತಾವ್ನಲ್ಲ" ಎಂದರು ಚೌಡಮ್ಮ. ಗಿರಿಜಾಳ ತಾಯಿ ಸೀರೆಯ ಸೆರಗನ್ನು ಒಂದು ಚೆಂಬು ನೀರಿಗೆ ಅದ್ದಿ ನೋಡಿ ಎಂದು ಅಂಗಲಾಚಿದರು. ಆ ಮೈಲಿಗೆ ಸೀರೆಯನ್ನು ಮುಟ್ಟಲು ಗಂಡಿನ ಕಡೆಯವರು ಯಾರೂ ತಯಾರಿರಲಿಲ್ಲ.

ಆ ಚೆಂಬನ್ನು ನಾನು ಕೈಗೆ ತೆಗೆದುಕೊಳ್ಳಬಹುದಿತ್ತು. ಊಟದ ಪಂಕ್ತಿಯತ್ತ ಹೋಗಿ ವ್ಯಾಪಾರಿಗೆ ಎಲೆ ಹಾಕಿಸಿದೆ.

ಮಾಲಿನ ದೋಷವನ್ನು ನಾವು ನಮ್ಮದಲ್ಲ ಎಂದರೆ ಅದು ಗಾಳಿಯಲ್ಲಿ ಕರಗಿಹೋಗುತ್ತದೆ ಎಂದು ಹೊಸ ವ್ಯಾಪಾರಿಗೆ ಅನ್ನಿಸುತ್ತದೆ. ಕರಗುವುದಿಲ್ಲ. ಹತ್ತಿರದಲ್ಲಿ ಯಾರು ಎಲ್ಲರಿಗಿಂತ ಮೆತ್ತಗಿದ್ದಾರೋ ಅವರ ತಲೆಯ ಮೇಲೆ ಹೋಗಿ ಕೂರುತ್ತದೆ. ಕೆಲಸದವನ ಮೇಲೋ, ಸಾಗಿಸಿದವನ ಮೇಲೋ, ಉಟ್ಟ ಹುಡುಗಿಯ ಮೇಲೋ. ಇದನ್ನು ಯಾವ ತರಬೇತಿಯಲ್ಲೂ ನಾನು ಹೇಳಿಲ್ಲ.

ಕೊರಳಿಗೆ ತಾಳಿ ಬಿದ್ದಾಗಿದ್ದರಿಂದ ಗಿರಿಜಾಳನ್ನು ಕರೆದುಕೊಂಡು ಹೋದರು. ಆಷಾಢಕ್ಕೆ ಎಲ್ಲ ಹೊಸ ಮದುಮಗಳಂತೆ ಅವಳೂ ತವರಿಗೆ ಬಂದಳು. ಬಂದವಳು ಬೀದಿಯ ನಲ್ಲಿಗೆ ಬರಲಿಲ್ಲ, ನಮ್ಮ ಮನೆಗೂ ಬರಲಿಲ್ಲ. ನನ್ನ ಹೆಂಡತಿ ಸರೋಜಾಳೇ ಹೋಗಿ ಮಾತಾಡಿಸಿ ಬಂದಳು. ಆ ಮನೆಯಲ್ಲಿ ಗಿರಿಜಾ ದೇವರಿಗೆ ದೀಪ ಹಚ್ಚುವ ಹಾಗಿಲ್ಲವಂತೆ. ಒಂದು ಎಮ್ಮೆ ಸತ್ತಿದ್ದೂ ಅವಳ ಲೆಕ್ಕಕ್ಕೇ ಸೇರಿತಂತೆ. ಆಷಾಢ ಕಳೆದು ಶ್ರಾವಣ ಬಂದರೆ ಗಂಡನ ಮನೆಯವರು ಬಂದು ಕರೆದೊಯ್ಯುವುದು ಪದ್ಧತಿ. ಶ್ರಾವಣ ಬಂತು, ಮಳೆ ಬಂತು, ನನ್ನ ಬಾವಿಗೆ ನೀರು ಬಂತು. ಜಡಿಗೇನಹಳ್ಳಿಯಿಂದ ಯಾರೂ ಬರಲಿಲ್ಲ.

ಒಂದು ಬೆಳಿಗ್ಗೆ ಹನುಮಂತಣ್ಣ ಬಣ್ಣದ ಮನೆಗೆ ಬಂದು ಬಾಗಿಲಲ್ಲೇ ನಿಂತರು. ಗೌರಿ ಹಬ್ಬದ ಕೆಂಪು ಎರಡೂ ಹಂಡೆಯಲ್ಲಿ ಕುದಿಯುತ್ತಿತ್ತು. ಚಿಕ್ಕಪೇಟೆಯ ಆರ್ಡರು.

"ಒಂದು ಮಾತು ಕೇಳ್ತೀನಿ ನಾಗ. ನನ್ನ ಜೊತೆ ಜಡಿಗೇನಳ್ಳಿಗೆ ಬಂದ್ಬಿಡು. ಬಣ್ಣ ಬಿಟ್ಟಿತ್ತು ಅಂತ ಆಯಮ್ಮನ ಮುಂದೆ ಹೇಳು. ಅಷ್ಟೇ. ನಿನ್ನ ಮೇಲೆ ನಂಗೇನೂ ಸಿಟ್ಟಿಲ್ಲ. ಕೆಲ್ಸದಾಗೆ ಯಾರ ಕೈ ತಪ್ಪಲ್ಲ ಹೇಳು? ನಮ್ಮ ಮಗೀಗೆ ಮನೆ ಉಳಿಯುತ್ತೆ."

"ಬರ್ತೀನಿ ಅಣ್ಣ. ಬರಲ್ಲ ಅಂದ್ನಾ? ಈ ಹಬ್ಬ ಒಂದು ಕಳೀಲಿ. ಈಗ ಮಾತು ಹೊರಗೆ ಹೋದ್ರೆ ಚಿಕ್ಕಪೇಟೆ ಸೇಟು ನೂಲೆಲ್ಲ ವಾಪಸ್ ತಗೊಂಡು ಹೋಗ್ತಾರೆ. ನೀವೇ ಧೈರ್ಯ ಕೊಟ್ಟು ಇಡಿಸಿದ ಮನೆ ಇದು."

ಅವರು ಕುದಿಯುತ್ತಿದ್ದ ಹಂಡೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಹಬ್ಬ ಕಳಿಯೋವರ್ಗೂ ಅವಳು ಬಾಗ್ಲು ನೋಡ್ಕೊಂಡು ಕೂತಿರ್ತಾಳಪ್ಪ" ಎಂದಷ್ಟೇ ಹೇಳಿ ಹೋದರು.

ಅವರು ಹಬ್ಬದ ತನಕ ಕಾಯಲಿಲ್ಲ. ಹೆಂಡತಿ, ಮಗಳನ್ನು ಕರೆದುಕೊಂಡು ಜಡಿಗೇನಹಳ್ಳಿಗೆ ಹೋದರು. ಬೀಗರ ಮನೆದೇವರ ಗುಡಿಯಲ್ಲಿ, ಊರ ಹಿರಿಯರ ಮುಂದೆ, ಮಗಳಿಂದ ತಪ್ಪಾಯಿತು, ಗೊತ್ತಿದ್ದೂ ಹಸೆಮಣೆಗೆ ಕೂರಿಸಿದ್ದು ನಮ್ಮ ತಪ್ಪು ಎಂದು ಹೇಳಿ ತಪ್ಪುಕಾಣಿಕೆ ಕಟ್ಟಿದರು. ಗಿರಿಜಾ ಒದ್ದೆಬಟ್ಟೆಯಲ್ಲಿ ಗುಡಿ ಸುತ್ತಿ ಅಡ್ಡಬಿದ್ದಳು. ಮಾಡದ ತಪ್ಪನ್ನು ದೇವರ ಮುಂದೆ ಒಪ್ಪಿಕೊಂಡ ಮೇಲೆ ಅವಳಿಗೆ ಮನೆ ಸಿಕ್ಕಿತು. ಹನುಮಂತಣ್ಣ ಬಂದು ಎಂದಿನಂತೆ ನೂಲು ಕೊಟ್ಟರು. ಬೈಯಲಿಲ್ಲ, ಬೀದಿಯಲ್ಲಿ ಆಡಿಕೊಳ್ಳಲಿಲ್ಲ. ನಮ್ಮ ಮನೆಯಲ್ಲಿ ಕಾಫಿ ಕುಡಿಯುವುದನ್ನು ಮಾತ್ರ ಬಿಟ್ಟರು.

ಈ ಸುದ್ದಿ ಕೇಳಿದ ದಿನ ಸರೋಜಾ ಬಣ್ಣದ ಮನೆಗೆ ಊಟದ ಡಬ್ಬಿ ತಂದು, ಕೆಳಗಿಟ್ಟು ಹೇಳಿದಳು: "ನಿಮ್ಮ ಹಂಡೆ ಉಳೀತು. ಆ ಮನುಷ್ಯ ದೇವ್ರ ಮುಂದೆ ಸುಳ್ಳು ಹೇಳಿ ನಿಮ್ಮ ಹಂಡೆ ಉಳಿಸಿಕೊಟ್ರು. ರೀ, ನಿಮಗೆ ಅನ್ನ ಹೆಂಗೆ ಸೇರುತ್ತೆ?"

ಸೇರುತ್ತಿತ್ತು. ಅದೇ ಹೇಳಬೇಕಾದ ಮಾತು. ಹಬ್ಬದ ಮಾಲು ಹೋಯಿತು. ಆ ಸಲ ನೀರಿಗೆ ಬರವಿರಲಿಲ್ಲ, ಬಣ್ಣ ಗಟ್ಟಿಯಾಗಿಯೇ ಬಂತು, ಹೆಸರೂ ಬಂತು. ದೀಪಾವಳಿಗೆ ಮೂರನೇ ಹಂಡೆ ಹೂಡಿದೆ. ಕೆಲಸವಿಲ್ಲದ ಭಾನುವಾರಗಳಲ್ಲಿ ಮಾತ್ರ, ಸುಟ್ಟ ಆ ಬಿಳಿ ಬಟ್ಟೆ ನೆನಪಾಗಿ ಕೂರಲಾಗುತ್ತಿರಲಿಲ್ಲ.

ಅವರೆಕಾಯಿ ಕಾಲ ಬಂದಾಗ, ಮನೆಯಲ್ಲಿ ಹೇಳದೆ ಜಡಿಗೇನಹಳ್ಳಿಗೆ ಹೊರಟೆ. ದೇವನಹಳ್ಳಿ, ಹೊಸಕೋಟೆ ಎಂದು ಬಸ್ಸು ಬದಲಿಸುತ್ತ, ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡೆ. ಅಮ್ಮ, ಅವತ್ತು ನಾನು ಹೇಳಿದ್ದು ಸುಳ್ಳು. ಬಣ್ಣ ಬಿಟ್ಟಿತ್ತು. ಹುಡುಗಿದು ತಪ್ಪಿಲ್ಲ. ಇಷ್ಟೇ. ಹೊಲಗಳಲ್ಲಿ ರಾಗಿ ಕೊಯ್ದು ಮೆದೆ ಹಾಕಿದ್ದರು. ಗಿರಿಜಾ ಮನೆಯ ಮುಂದಿನ ಜಗುಲಿಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ಬಸುರಿ. ನನ್ನನ್ನು ಕಂಡು ಎದ್ದು, ಸೆರಗು ಹೊದ್ದು, "ಬನ್ನಿ ಚಿಕ್ಕಪ್ಪ" ಎಂದಳು. ಅತ್ತೆ ಕಣಕ್ಕೆ ಹೋಗಿದ್ದಾರೆ, ಈಗ ಬರುತ್ತಾರೆ ಎಂದಳು.

ಅವಳ ಮುಂದೆಯೇ ಮೊದಲು ಹೇಳಿಬಿಟ್ಟೆ. ನೀರು ಸಾಲದೆ ಹೋದದ್ದು, ಬಟ್ಟೆ ಉಜ್ಜಿದ್ದು, ಸುಟ್ಟದ್ದು, ಎಲ್ಲ. ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತು ಚಿಕ್ಕಪ್ಪ. ಆಷಾಢದಾಗೆ ನಾನೇ ಒಗ್ದೆನಲ್ಲ ಸೀರೆ. ಬಕೆಟ್ಟೆಲ್ಲಾ ಕೆಂಪಾಯ್ತು. ಅಪ್ಪ ನೋಡಿದ್ಮೇಲೇ ನಿಮ್ಮ ಹತ್ರ ಬಂದಿದ್ದು."

"ಈಗ ಹೇಳ್ತೀನಿ ಕಣಮ್ಮ. ನಿಮ್ಮತ್ತೆ ಬರಲಿ. ಕಾಲಿಗೆ ಬಿದ್ದಾದ್ರೂ ಹೇಳ್ತೀನಿ."

ಅವಳು ಆಗ ಕೈ ನಿಲ್ಲಿಸಿದಳು. "ಬೇಡಿ. ಈಗ ಬೇಡಿ. ಅಪ್ಪ ಗುಡೀಲಿ ತಪ್ಪು ಒಪ್ಕೊಂಡು ಕಾಣಿಕೆ ಕಟ್ಟೈತೆ. ಈಗ ನೀವು ಬಣ್ಣ ಅಂದ್ರೆ ಅಪ್ಪ ಇವರ ದೇವ್ರ ಮುಂದೆ ಸುಳ್ಳು ಹೇಳ್ದಂಗಾಗ್ತದೆ. ಇವರು ಅದನ್ನ ಇನ್ನೂ ದೊಡ್ಡದು ಮಾಡ್ತಾರೆ. ಅವತ್ತು ಹೇಳಿದ್ರೆ ಒಂದು ಸೀರೆ ಹೋಗ್ತಿತ್ತು. ಶ್ರಾವಣದಲ್ಲಿ ಹೇಳಿದ್ರೆ ನಿಮ್ಮ ಒಂದು ಆರ್ಡರ್ ಹೋಗ್ತಿತ್ತು. ಈಗ ಹೇಳಿದ್ರೆ ನಮ್ಮಪ್ಪ ಹೋಗ್ತಾನೆ."

ಅವಳ ಮಾತಿಗೆ ಬೆಲೆ ಕೊಟ್ಟು ಸುಮ್ಮನಾದೆನೋ, ಸುಮ್ಮನಾಗಲು ಅವಳ ಮಾತಿನ ಆಸರೆ ಸಿಕ್ಕಿತೋ, ಈ ವಯಸ್ಸಿನಲ್ಲೂ ನನಗೆ ತಿಳಿದಿಲ್ಲ. ಎದೆ ಹಗುರಾಯಿತು ಎಂಬುದಂತೂ ನಿಜ. ಆ ಹಗುರವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅಷ್ಟರಲ್ಲಿ ಚೌಡಮ್ಮ ಕಣದಿಂದ ಬಂದರು. ಗುರುತು ಹಿಡಿದರು. ಊಟಕ್ಕೆ ಎದ್ದೇಳಿ ಎಂದು ಪಟ್ಟು ಹಿಡಿದರು. ಮುದ್ದೆ, ಅವರೆಕಾಳಿನ ಸಾರು. ಎದುರಿಗೆ ಗೋಡೆಗೊರಗಿ ಕುಳಿತು, ಸೊಸೆಯ ಕೈರುಚಿ ಹೊಗಳಿದರು.

"ಮೊದ್ಲಲ್ಲಿ ಏನೇನೋ ಆಯ್ತು ಬಿಡಪ್ಪ. ಅವರಪ್ಪ ಮಾತ್ರ ದೊಡ್ಡ ಮನ್ಸ. ಊರ ಮುಂದೆ ನಿಂತು ತಪ್ಪಾಯ್ತು ಅಂದ. ಅನ್ನೋಕೂ ಗುಂಡಿಗೆ ಬೇಕು, ಅಲ್ವಾ?"

"ಹೌದಮ್ಮ" ಎಂದೆ.

"ನೀನೇ ಅಲ್ವಾ ಬಣ್ಣದೋನು? ಅವತ್ತು ಅಷ್ಟು ಜನದ ಮುಂದೆ, ಪಾಪ, ನಿನ್ನ ಮೇಲೆ ಅನುಮಾನ ಪಟ್ಬಿಟ್ಟೆ. ಹೊಸದಾಗಿ ಕಸುಬು ಇಟ್ಟಿದ್ದೋನು, ಎಷ್ಟು ನೊಂದ್ಕಂಡ್ಯೋ ಏನೋ. ಮನಸ್ಸಿಗೆ ಇಟ್ಕೋಬೇಡ ಕಣಪ್ಪ."

ಮುರಿದ ಮುದ್ದೆ ನನ್ನ ಬೆರಳಲ್ಲೇ ಇತ್ತು. ಗಿರಿಜಾ ಒಲೆಯ ಪಕ್ಕದಿಂದ ನನ್ನನ್ನೇ ನೋಡುತ್ತಿದ್ದಳು.

"ಇರ್ಲಿ ಬಿಡಿ ಅಮ್ಮ" ಎಂದೆ.

ಗಿರಿಜಾ ಬಂದು, ಮೆಲ್ಲಗೆ ಬಗ್ಗಿ, ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು. ಉಂಡೆ.